ಅಳತೆಗೆ ಸಿಗುವ ಕಾರು, ಅಳತೆಗೆ ಸಿಗದ ಹೊಳಪು

1985ರಲ್ಲಿ ತೆರೆಕಂಡ ‘ಬ್ಯಾಕ್ ಟು ದ ಫ್ಯೂಚರ್’ ಸಿನಿಮಾದಲ್ಲಿ ಒಂದು ದೃಶ್ಯವಿದೆ. ಗಡಿಯಾರದ ಗೋಪುರಕ್ಕೆ ಬಡಿಯಲಿರುವ ಸಿಡಿಲನ್ನು ತನ್ನ ಕಾಲಯಂತ್ರದ ಕಾರಿಗೆ ಹಾಯಿಸುವುದು ಹೇಗೆಂದು ವಿಜ್ಞಾನಿ ಡಾಕ್ ಬ್ರೌನ್ ಹುಡುಗ ಮಾರ್ಟಿಗೆ ವಿವರಿಸುತ್ತಾನೆ. ಮೇಜಿನ ಮೇಲೆ ಕೈಗೆ ಸಿಕ್ಕ ಪೆಟ್ಟಿಗೆ, ಡಬ್ಬಿಗಳಿಂದ ಕಟ್ಟಿದ ಪುಟ್ಟ ಊರು. ಅದರ ಬೀದಿಯಲ್ಲೊಂದು ಆಟಿಕೆ ಕಾರು. ವಿವರಣೆ ಶುರು ಮಾಡುವ ಮುಂಚೆ ಆತ ಹುಡುಗನಲ್ಲಿ ಕ್ಷಮೆ ಕೇಳುತ್ತಾನೆ: ಸರಿಯಾದ ಅಳತೆಗೆ ಮಾಡುವುದಕ್ಕೂ ಬಣ್ಣ ಹಚ್ಚುವುದಕ್ಕೂ ಸಮಯ ಸಿಗಲಿಲ್ಲ ಎಂದು.

ಸ್ಕೇಲ್ ಮಾಡೆಲ್ ಕಟ್ಟುವವರಿಗೆ ಈ ದೃಶ್ಯದ ಮೇಲೆ ವಿಶೇಷ ಪ್ರೀತಿ. ಆ ಸಿನಿಮಾದ ಕಾಲಯಂತ್ರವಾದ ಡೆಲೋರಿಯನ್ ಕಾರನ್ನು ಇಂದು ಎಷ್ಟೋ ದೇಶಗಳಲ್ಲಿ ಜನ ರಾತ್ರಿ ಊಟ ಮುಗಿಸಿ, ಟೇಬಲ್ ಲ್ಯಾಂಪ್ ಹಚ್ಚಿಕೊಂಡು, ಅಂಗೈಗಿಂತ ಉದ್ದಕ್ಕೆ ಕಟ್ಟುತ್ತಿದ್ದಾರೆ. ಡಾಕ್ ಬ್ರೌನ್‌ಗೆ ಸಿಗದ ಎರಡನ್ನೂ, ಅಂದರೆ ಅಳತೆಯನ್ನೂ ಬಣ್ಣವನ್ನೂ, ಹಟ ಹಿಡಿದು ಸಾಧಿಸುತ್ತಿದ್ದಾರೆ. ಈ ಎರಡರಲ್ಲಿ ಅಳತೆ ಸುಲಭ. ಅದನ್ನು ಭಾಗಾಕಾರ ನೋಡಿಕೊಳ್ಳುತ್ತದೆ. ಬಣ್ಣ ಭಾಗಾಕಾರಕ್ಕೆ ಸಿಗುವುದಿಲ್ಲ. ಕಾರನ್ನು ಇಪ್ಪತ್ತನಾಲ್ಕು ಪಟ್ಟು ಕಿರಿದಾಗಿಸಬಹುದು, ಅದರ ಮೇಲೆ ಬೀಳುವ ಬೆಳಕನ್ನು ಕಿರಿದಾಗಿಸಲು ಬರುವುದಿಲ್ಲ. ಮಾಡೆಲ್ ಕಟ್ಟುವವರ ಕಣ್ಣಿಗೆ ನಿಜವಾದ ಪರೀಕ್ಷೆ ನಡೆಯುವುದು ಇಲ್ಲೇ.

ಮೊದಲು ಲೆಕ್ಕ. ಕಾರುಗಳ ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು 1/24 ಮತ್ತು 1/25 ಅಳತೆ. 1/24 ಎಂದರೆ ನಿಜವಾದ ಕಾರಿನ ಒಂದು ಅಡಿ ಮಾಡೆಲ್‌ನಲ್ಲಿ ಅರ್ಧ ಇಂಚು. ಡೆಲೋರಿಯನ್‌ನ ಉದ್ದ ಸುಮಾರು 4.27 ಮೀಟರ್, ಮಾಡೆಲ್‌ನಲ್ಲಿ ಅದು 17.8 ಸೆಂಟಿಮೀಟರ್. ನೆಲದಿಂದ ಛಾವಣಿಗೆ 1.14 ಮೀಟರ್, ಮಾಡೆಲ್‌ನಲ್ಲಿ ಐದು ಸೆಂಟಿಮೀಟರ್‌ಗೂ ಕಡಿಮೆ. ಜಪಾನಿನ ಶಿಝುವೋಕಾ ನಗರದ ಅವೋಶಿಮಾ ಕಂಪನಿ ಈ ಸಿನಿಮಾ ಸರಣಿಯ ಕಾರುಗಳನ್ನು 1/24ರಲ್ಲಿ ತಂದಿದೆ. ಇಷ್ಟು ಅಳತೆ ಕಾರ್ಖಾನೆಯಿಂದಲೇ ಬರುತ್ತದೆ. ಚೌಕಟ್ಟಿನಿಂದ ಭಾಗಗಳನ್ನು ಕತ್ತರಿಸಿ, ಕತ್ತರಿಸಿದ ಗುರುತು ಕಾಣದಂತೆ ಎಮರಿ ಪೇಪರ್‌ನಿಂದ ಉಜ್ಜಿ, ಸಾಲ್ವೆಂಟ್ ಗಮ್ ತಾಗಿಸಿದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅಂಚಿನಲ್ಲಿ ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ತಾಳ್ಮೆ ಇದ್ದ ಯಾರಿಗಾದರೂ ಇದು ಕೈಗೂಡುತ್ತದೆ.

ಬಣ್ಣದ ವಿಷಯ ಅರ್ಥವಾಗಲು ಅಸಲಿ ಕಾರಿನ ಕಥೆ ಸ್ವಲ್ಪ ತಿಳಿದಿರಬೇಕು. ಜನರಲ್ ಮೋಟಾರ್ಸ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಜಾನ್ ಡೆಲೋರಿಯನ್ ಅದನ್ನು ಬಿಟ್ಟುಬಂದು ಸ್ವಂತ ಕಂಪನಿ ಕಟ್ಟಿದ. ಕಾರಿನ ರೂಪ ಇಟಲಿಯ ಜಾರ್ಜೆಟ್ಟೊ ಜುಜಾರೊ ಅವರದು, ಎಂಜಿನಿಯರಿಂಗ್ ಇಂಗ್ಲೆಂಡಿನ ಲೋಟಸ್‌ದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಬಳಿಯ ಡನ್‌ಮರಿಯಲ್ಲಿ ಕಾರ್ಖಾನೆ. 1981ರಲ್ಲಿ ಕಾರು ಹೊರಬಂತು. 1982ರ ಹೊತ್ತಿಗೆ ಕಂಪನಿ ದಿವಾಳಿಯಾಯಿತು. ಒಟ್ಟು ತಯಾರಾದದ್ದು ಸುಮಾರು ಒಂಬತ್ತು ಸಾವಿರ ಕಾರು. ಅದರ ಹೊರಮೈಗೆ ಬಣ್ಣವೇ ಇರಲಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳನ್ನು ಒಂದೇ ದಿಕ್ಕಿಗೆ ಉಜ್ಜಿ, ನವಿರಾದ ಗೆರೆ ಮೂಡಿಸಿ, ಹಾಗೇ ಬರಿಮೈಯಲ್ಲಿ ಬಿಟ್ಟಿದ್ದರು. ಮೇಲಕ್ಕೆ ತೆರೆದುಕೊಳ್ಳುವ ಗಲ್‌ವಿಂಗ್ ಬಾಗಿಲುಗಳೂ ಈ ಲೋಹದ ಮೈಯೂ ಸೇರಿ ಕಾರಿಗೆ ಬೇರೆ ಲೋಕದ ಚಹರೆ ಬಂದಿತ್ತು. 1955ರ ಹಳ್ಳಿಯ ರೈತ ಕುಟುಂಬವೊಂದು ಇದನ್ನು ಅಂತರಿಕ್ಷ ನೌಕೆ ಎಂದುಕೊಂಡು ಹೆದರುವ ಪ್ರಸಂಗ ಚಿತ್ರದಲ್ಲಿ ನಂಬುವಂತಿರುವುದು ಈ ಚಹರೆಯಿಂದಾಗಿ.

ಸಿನಿಮಾದವರು ಇದರ ಮೇಲೆ ತಮ್ಮ ಕೈಚಳಕ ಸೇರಿಸಿದರು. ಕಾಲಯಂತ್ರದ ಕಲ್ಪನೆಯ ಚಿತ್ರಗಳನ್ನು ಬರೆದವರು ರಾನ್ ಕಾಬ್ ಮತ್ತು ಆಂಡ್ರ್ಯೂ ಪ್ರೊಬರ್ಟ್. ಸ್ಪೆಷಲ್ ಎಫೆಕ್ಟ್ಸ್ ಮೇಲ್ವಿಚಾರಕ ಕೆವಿನ್ ಪೈಕ್ ಅವರ ಕೈಕೆಳಗೆ ಮೈಕಲ್ ಶೆಫಿ ಮತ್ತು ತಂಡ ಅದನ್ನು ಕಟ್ಟಿತು. ವಿಜ್ಞಾನಿಯೊಬ್ಬ ತನ್ನ ಗ್ಯಾರೇಜಿನಲ್ಲಿ ಸ್ವಂತ ಕೈಯಿಂದ ಮಾಡಿದ ಯಂತ್ರದಂತೆ ಅದು ಕಾಣಬೇಕಿತ್ತು. ಹಾಗಾಗಿ ವಿಮಾನಗಳ ಹಳೆಯ ಬಿಡಿಭಾಗ, ಎಲೆಕ್ಟ್ರಾನಿಕ್ ಗುಜರಿ ಸಾಮಾನು, ಕಪ್ಪು ಕೇಬಲ್ ಎಲ್ಲ ಮೈಗೇರಿದವು. ಹಿಂಭಾಗದ ಪರಮಾಣು ರಿಯಾಕ್ಟರ್ ಮೇಲಿರುವುದು ಡಾಡ್ಜ್ ಪೊಲಾರಾ ಕಾರಿನ ವೀಲ್ ಕ್ಯಾಪ್. ಕೊನೆಯಲ್ಲಿ ಕಸ ತುಂಬಿ ಓಡಿಸುವ ‘ಮಿಸ್ಟರ್ ಫ್ಯೂಷನ್’ ಯಂತ್ರ ಮೂಲತಃ ಕ್ರಪ್ಸ್ ಕಂಪನಿಯ ಕಾಫಿ ಬೀಜ ಪುಡಿ ಮಾಡುವ ಮಿಕ್ಸಿ. ಅಂದರೆ ನಾವು ಮಾಡೆಲ್ ಮಾಡಲು ಹೊರಟಿರುವುದೇ ಇನ್ನೊಬ್ಬರು ಕೈಯಾರೆ ಮಾಡಿದ ಒಂದು ಮಾಡೆಲ್. ಅವರೂ ನಮ್ಮಂತೆಯೇ ಸಿಕ್ಕ ವಸ್ತುವನ್ನು ತಿರುಗಿಸಿ ನೋಡಿ, ಇದು ಕ್ಯಾಮೆರಾಗೆ ಏನಾಗಿ ಕಾಣುತ್ತದೆ ಎಂದು ಯೋಚಿಸಿದವರು.

ಆದ್ದರಿಂದ ಕಿಟ್ ಬಿಚ್ಚುವ ಮುಂಚೆಯೇ ತೀರ್ಮಾನಿಸಬೇಕಾದ ಸಂಗತಿ ಒಂದಿದೆ: ಯಾವ ದೃಶ್ಯದ ಕಾರು? ಮೊದಲ ಚಿತ್ರದ ಆರಂಭದಲ್ಲಿ ಬೆನ್ನ ಮೇಲೆ ರಿಯಾಕ್ಟರ್ ಇದೆ; ಸಿಡಿಲಿನ ರಾತ್ರಿ ಕೊಕ್ಕೆ ಹೊತ್ತ ಕಂಬ ಸೇರುತ್ತದೆ; ಕೊನೆಯಲ್ಲಿ ರಿಯಾಕ್ಟರ್ ಜಾಗಕ್ಕೆ ಮಿಸ್ಟರ್ ಫ್ಯೂಷನ್ ಬರುತ್ತದೆ. ಎರಡನೆಯ ಚಿತ್ರದಲ್ಲಿ ಚಕ್ರಗಳು ಮಡಚಿಕೊಂಡು ಕಾರು ಹಾರುತ್ತದೆ. ಮೂರನೆಯದರಲ್ಲಿ ಬಾನೆಟ್ ಮೇಲೆ 1955ರ ಎಲೆಕ್ಟ್ರಾನಿಕ್ ವಾಲ್ವ್‌ಗಳ ಪೆಟ್ಟಿಗೆ, ಬಿಳಿ ಅಂಚಿನ ಟಯರು, ಆಮೇಲೆ ರೈಲ್ವೆ ಚಕ್ರ. ಇವನ್ನೆಲ್ಲ ಕಲಸಿ ಒಂದೇ ಕಾರಿಗೆ ಹಾಕಿದರೆ ಅದು ಯಾವ ದೃಶ್ಯದ್ದೂ ಆಗುವುದಿಲ್ಲ. ಇನ್ನೊಂದು ಸಣ್ಣ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಅಸಲಿ ಡೆಲೋರಿಯನ್‌ನ ಮುಂದಿನ ಚಕ್ರ 14 ಇಂಚಿನದು, ಹಿಂದಿನದು 15. ಚಕ್ರಗಳನ್ನು ಅದಲುಬದಲು ಮಾಡಿದರೆ ಕಾರಿನ ನಿಲುವೇ ಕೆಡುತ್ತದೆ.

ಇನ್ನು ಆ ಸ್ಟೀಲ್ ಮೈ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸಿಲ್ವರ್ ಸ್ಪ್ರೇ ಹೊಡೆದರೆ ಏನು ತಪ್ಪು ಎಂದು ಹೊಸಬರು ಕೇಳುತ್ತಾರೆ. ಸಿಲ್ವರ್ ಬಣ್ಣದಲ್ಲಿ ಇರುವುದು ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆ. ಒಂದು ಚಕ್ಕೆ 20 ಮೈಕ್ರಾನ್ ಅಗಲ ಇದೆ ಎಂದಿಟ್ಟುಕೊಳ್ಳಿ. ಇಪ್ಪತ್ತನಾಲ್ಕರಿಂದ ಗುಣಿಸಿದರೆ ನಿಜವಾದ ಕಾರಿನ ಮೇಲೆ ಅದು ಅರ್ಧ ಮಿಲಿಮೀಟರ್ ಮಿಣುಕು. ಕಣ್ಣು ಈ ಲೆಕ್ಕವನ್ನು ತಕ್ಷಣ ಹಿಡಿಯುತ್ತದೆ; ಕಾರು ಆಟಿಕೆಯಾಗಿ ಕಾಣುತ್ತದೆ. ಬಣ್ಣದ ದಪ್ಪದ ಕಥೆಯೂ ಹೀಗೇ. ಮಾಡೆಲ್ ಮೇಲಿನ ಪದರಗಳೆಲ್ಲ ಸೇರಿ 30 ಮೈಕ್ರಾನ್ ಆದರೂ ಅಳತೆಯ ಲೆಕ್ಕದಲ್ಲಿ ಅದು 0.7 ಮಿಲಿಮೀಟರ್‌ಗೂ ಹೆಚ್ಚು. ಅಷ್ಟು ದಪ್ಪ ಬಳಿದರೆ ಬಾಗಿಲಿನ ಸುತ್ತಲಿನ ಸಣ್ಣ ಸಂದು ತುಂಬಿಹೋಗಿ, ಬಾಗಿಲು ಮೈಗೆ ಅಂಟಿದ ಹಾಗಾಗುತ್ತದೆ. ಅದಕ್ಕೇ ಅನುಭವಿಗಳು ಪ್ರೈಮರ್ ಹೊಡೆಯುವ ಮುಂಚೆ ಆ ಸಂದುಗಳನ್ನು ಸೂಜಿಮೊನೆಯಿಂದ ಇನ್ನಷ್ಟು ಆಳಕ್ಕೆ ಕೆರೆದಿಡುತ್ತಾರೆ.

ಲೋಹದ ಹೊಳಪಿಗೆಂದೇ ತಯಾರಾಗುವ ಲ್ಯಾಕ್ವರ್‌ಗಳಿವೆ. ಆಲ್‌ಕ್ಲಾಡ್ ಅವುಗಳಲ್ಲಿ ಹೆಸರುವಾಸಿ. ಅದರ ಚಕ್ಕೆ ಎಷ್ಟು ನವಿರು ಎಂದರೆ ಕಣ್ಣಿಗೆ ಬಿಡಿಬಿಡಿಯಾಗಿ ತೋರುವುದಿಲ್ಲ. ಇದನ್ನು ಹೊಡೆಯುವ ಮೊದಲು ಮೈಗೆ ಹೊಳೆಯುವ ಕಪ್ಪು ಬಣ್ಣ ಬೇಕು. ಸಿಲ್ವರ್‌ಗೆ ಕಪ್ಪು ತಳ ಯಾಕೆ ಎಂದು ಅಚ್ಚರಿಯಾಗಬಹುದು. ಲೋಹದ ಪದರ ತೀರಾ ತೆಳು, ಅದನ್ನು ದಾಟಿ ಬೆಳಕು ಒಳಗೆ ಇಳಿಯುತ್ತದೆ. ಕೆಳಗೆ ಬಿಳಿ ಅಥವಾ ಬೂದು ಇದ್ದರೆ ಆ ಬೆಳಕು ಚದುರಿ ಹಿಂದಿರುಗಿ ಹೊಳಪನ್ನು ಮಂಕು ಮಾಡುತ್ತದೆ. ಕಪ್ಪು ಅದನ್ನು ನುಂಗಿಬಿಡುತ್ತದೆ; ಕಣ್ಣಿಗೆ ಸಿಗುವುದು ಚಕ್ಕೆಯಿಂದ ನೇರ ಪ್ರತಿಫಲಿಸಿದ ಬೆಳಕು ಮಾತ್ರ. ಜತೆಗೆ ತಳ ಎಷ್ಟು ನುಣುಪಾಗಿದೆಯೋ ಚಕ್ಕೆಗಳು ಅಷ್ಟು ಸಮವಾಗಿ ಮಲಗುತ್ತವೆ. ಏರ್‌ಬ್ರಷ್‌ನಲ್ಲಿ ಗಾಳಿಯ ಒತ್ತಡ 12ರಿಂದ 15 ಪಿಎಸ್‌ಐ ಸಾಕು. ಜರಡಿಯಿಂದ ಉದುರುವ ಹಿಟ್ಟಿನಂತೆ ಬಣ್ಣ ಹಗುರವಾಗಿ ಬೀಳಬೇಕು, ಮೈ ಒದ್ದೆಯಾಗಬಾರದು. ಮೊದಲ ಸುತ್ತಿಗೆ ಕಪ್ಪು ಬರೀ ಬೂದಿ ಮುಸುಕಿದಂತಾಗುತ್ತದೆ. ಎರಡನೆಯದಕ್ಕೆ ಮಬ್ಬು ಹೊಳಪು. ಮೂರನೆಯದರಲ್ಲಿ ಒಮ್ಮೆಲೇ ಲೋಹ ಎದ್ದು ಬರುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಮೇಲೆ ಹೊಡೆದಷ್ಟೂ ಅದು ಮತ್ತೆ ಮಾಮೂಲಿ ಸಿಲ್ವರ್ ಆಗುತ್ತದೆ.

ಉಜ್ಜಿದ ಗೆರೆಗಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಲೆಕ್ಕದ ಪ್ರಕಾರ ಹೋದರೆ ಗೆರೆ ಹಾಕಲೇಬಾರದು. ಅಸಲಿ ಸ್ಟೀಲ್ ಮೇಲಿನ ಗೆರೆಯನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಯಾವ ಕಣ್ಣಿಗೂ ಕಾಣದು. ಅದಕ್ಕೇ ಕೆಲವರು ಮೈಯನ್ನು ನುಣುಪಾಗಿಯೇ ಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಹತ್ತು ಹೆಜ್ಜೆ ದೂರ ನಿಂತು ನಿಜವಾದ ಕಾರು ನೋಡಿದಾಗಲೂ ನಮಗೆ ಗೆರೆ ಕಾಣುವುದಿಲ್ಲ. ಗೆರೆಗಳು ಬೆಳಕಿಗೆ ಏನು ಮಾಡುತ್ತವೆ ಎಂಬುದು ಕಾಣುತ್ತದೆ. ಒಂದೇ ದಿಕ್ಕಿಗೆ ಉಜ್ಜಿದ ಲೋಹದ ಮೇಲೆ ದೀಪದ ಪ್ರತಿಬಿಂಬ ದುಂಡಗೆ ಬೀಳುವುದಿಲ್ಲ, ಗೆರೆಗಳಿಗೆ ಅಡ್ಡಲಾಗಿ ಪಟ್ಟೆಯಂತೆ ಎಳೆದುಕೊಳ್ಳುತ್ತದೆ. ಅಡುಗೆಮನೆಯ ಸ್ಟೀಲ್ ಸಿಂಕ್ ಮೇಲೆ ಬಲ್ಬಿನ ಬೆಳಕು ನೋಡಿದರೆ ಇದು ತಿಳಿಯುತ್ತದೆ. ಈ ಪಟ್ಟೆ ಇಲ್ಲದಿದ್ದರೆ ಕಣ್ಣು ಅದನ್ನು ಕ್ರೋಮ್ ಎಂದೋ ಪೇಂಟ್ ಎಂದೋ ತಿಳಿಯುತ್ತದೆ, ಸ್ಟೀಲ್ ಎಂದು ಒಪ್ಪುವುದಿಲ್ಲ. ಗೆರೆಯನ್ನಲ್ಲ, ಈ ಪಟ್ಟೆಯನ್ನು ನಾವು ಮಾಡೆಲ್‌ಗೆ ತರಬೇಕು.

ತರುವ ದಾರಿ ಹೀಗಿದೆ. ಕಪ್ಪು ತಳ ಪೂರ್ತಿ ಒಣಗಿದ ಮೇಲೆ, ಲೋಹದ ಪದರಕ್ಕೆ ಮುಂಚೆ, 3000 ಗ್ರಿಟ್‌ಗಿಂತ ನವಿರಾದ ಉಜ್ಜುವ ಪ್ಯಾಡ್ ಹಿಡಿದು ಒಂದೊಂದು ಹಾಳೆಯನ್ನೂ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಕೈ ಹಿಂದಕ್ಕೂ ಮುಂದಕ್ಕೂ ಆಡಬಾರದು, ಸುತ್ತಲೂ ಬಾರದು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ. ಯಾವ ಹಾಳೆಯ ಗೆರೆ ಯಾವ ಕಡೆಗೆ ಎಂಬುದನ್ನು ಅಸಲಿ ಕಾರಿನ ಫೋಟೊ ಎದುರಿಗಿಟ್ಟುಕೊಂಡು ನೋಡಬೇಕು. ಆಮೇಲೆ ಮೇಲೆ ಲೋಹದ ತೆಳು ಪದರ. ಕಾರನ್ನು ದೀಪದ ಕೆಳಗೆ ನಿಧಾನಕ್ಕೆ ತಿರುಗಿಸಿದಾಗ ಬಾನೆಟ್ ಮೇಲೆ ಬೆಳಕಿನ ಪಟ್ಟೆ ಸರಿದಾಡಿದರೆ ಕೆಲಸ ಗೆದ್ದಂತೆ. ಡೆಲೋರಿಯನ್ ಮಾಲೀಕರು ಇಂದಿಗೂ ತಮ್ಮ ಕಾರಿನ ಸಣ್ಣ ಗೀರುಗಳನ್ನು ತೆಗೆಯುವುದು ಸ್ಕಾಚ್‌ಬ್ರೈಟ್ ಪ್ಯಾಡ್‌ನಿಂದ, ಗೆರೆಯ ದಿಕ್ಕಿನಲ್ಲೇ ಉಜ್ಜಿ. ದೊಡ್ಡ ಕಾರಿಗೂ ಸಣ್ಣ ಕಾರಿಗೂ ಕೈಯ ಚಲನೆ ಒಂದೇ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಇಡೀ ಕಾರಿಗೆ ಈ ಉಪಚಾರ ಸಲ್ಲುವುದಿಲ್ಲ. ಅಸಲಿ ಡೆಲೋರಿಯನ್‌ನ ಮುಂದಿನ ಮತ್ತು ಹಿಂದಿನ ಬಂಪರ್ ಭಾಗಗಳು ಸ್ಟೀಲ್ ಅಲ್ಲ. ಅವು ಬಾಗುವ ಯುರೆಥೇನ್, ಸ್ಟೀಲ್‌ಗೆ ಹೊಂದುವಂತೆ ಬೂದು ಬಣ್ಣ ಬಳಿದವು. ಎರಡೂ ಎಂದೂ ಪೂರ್ತಿ ಹೊಂದಿಲ್ಲ. ಬಿಸಿಲಿನಲ್ಲಿ ಸ್ಟೀಲ್ ಮಿಂಚಿದರೆ ಬಂಪರ್ ಮಂಕಾಗಿ ನಿಲ್ಲುತ್ತದೆ, ಮೋಡದ ದಿನ ಕೆಲವೊಮ್ಮೆ ಬಂಪರೇ ತಿಳಿಯಾಗಿ ಕಾಣುತ್ತದೆ. ಮಾಡೆಲ್‌ನಲ್ಲಿ ಮುಂದಿನ ಮೂತಿಗೂ ಬಾನೆಟ್‌ಗೂ ಒಂದೇ ಬಣ್ಣ ಹೊಡೆದವರು ಕಾರನ್ನು ನೋಡಿಲ್ಲ, ಕಿಟ್ಟಿನ ಡಬ್ಬಿಯನ್ನಷ್ಟೇ ನೋಡಿದ್ದಾರೆ ಎಂದು ಅನುಭವಿಗಳಿಗೆ ಗೊತ್ತಾಗಿಬಿಡುತ್ತದೆ. ಸ್ಟೀಲ್ ಭಾಗಗಳಿಗೆ ಟೇಪ್ ಸುತ್ತಿ ಮುಚ್ಚಿ, ಬಂಪರ್‌ಗಳಿಗೆ ಅರೆಹೊಳಪಿನ ಬೂದು ಬಣ್ಣ ಪ್ರತ್ಯೇಕವಾಗಿ ಹೊಡೆಯಬೇಕು. ಇಲ್ಲಿ ಹೊಂದದಿರುವುದೇ ಸರಿಯಾದ ಬಣ್ಣ.

ಕಪ್ಪಿಗೂ ಇದೇ ಎಚ್ಚರ ಬೇಕು. ಟಯರು, ಕೇಬಲ್, ಹಿಂದಿನ ಗಾಳಿಗೂಡುಗಳಿಗೆ ಅಚ್ಚ ಕಪ್ಪು ಹಚ್ಚಿದರೆ ಅವು ಮಾಡೆಲ್‌ನಲ್ಲಿ ತೂತಿನಂತೆ ಕಾಣುತ್ತವೆ. ದೂರದಿಂದ ನೋಡುವ ವಸ್ತುವಿಗೂ ನಮಗೂ ನಡುವೆ ಗಾಳಿ, ದೂಳು ಇರುತ್ತವೆ. ಅವು ಕಪ್ಪನ್ನು ತುಸು ತಿಳಿಯಾಗಿಸುತ್ತವೆ. ಮಾಡೆಲ್ ನೋಡುವಾಗ ಆ ಗಾಳಿ ನಡುವೆ ಇರುವುದಿಲ್ಲ, ಅದನ್ನು ಬಣ್ಣದಲ್ಲೇ ಬೆರೆಸಬೇಕು. ಹಾಗಾಗಿ ಟಯರಿಗೆ ಗಾಢ ಬೂದು, ಕೇಬಲ್‌ಗೆ ಅದಕ್ಕಿಂತ ಸ್ವಲ್ಪ ಕಪ್ಪು, ಪ್ಲಾಸ್ಟಿಕ್ ಭಾಗಕ್ಕೆ ಅರೆಹೊಳಪು. ಮೂರು ಕಪ್ಪು ಮೂರು ಬಗೆಯಲ್ಲಿ ಕಂಡಾಗ ರಬ್ಬರು ರಬ್ಬರಾಗುತ್ತದೆ, ತಂತಿ ತಂತಿಯಾಗುತ್ತದೆ. ಕಾರಿನ ಮೈಮೇಲೆ ಹರಿದಾಡುವ ಕೇಬಲ್‌ಗಳನ್ನು ಕಿಟ್‌ನವರು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹೊಡೆದಿರುತ್ತಾರೆ. ಅವುಗಳ ಬದಲು ಮೋಟಾರ್ ವೈಂಡಿಂಗ್‌ನ ತಾಮ್ರದ ತಂತಿ ಬಳಸಬಹುದು. 12 ಮಿಲಿಮೀಟರ್ ದಪ್ಪದ ಕೇಬಲ್‌ಗೆ ಅರ್ಧ ಮಿಲಿಮೀಟರ್ ತಂತಿ ಸರಿಹೊಂದುತ್ತದೆ. ಕೈಯಲ್ಲಿ ಬಗ್ಗಿಸಿದ ತಂತಿಯ ಬಾಗು ಅಚ್ಚಿನಲ್ಲಿ ಬರುವುದಿಲ್ಲ.

ಒಳಗಡೆಯ ಡ್ಯಾಶ್‌ಬೋರ್ಡ್ ಚಿಕ್ಕದಾದರೂ ಸಿನಿಮಾ ನೋಡಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಕಾಲ ತೋರಿಸುವ ಮೂರು ಸಾಲುಗಳಲ್ಲಿ ಹೋಗಬೇಕಾದ ದಿನ ಕೆಂಪು, ಇರುವ ದಿನ ಹಸಿರು, ಬಿಟ್ಟುಬಂದ ದಿನ ಹಳದಿ. ಸೀಟುಗಳ ಹಿಂದೆ, ಕಾಲಯಾನ ಸಾಧ್ಯವಾಗಿಸುವ ವೈ ಆಕಾರದ ಫ್ಲಕ್ಸ್ ಕೆಪ್ಯಾಸಿಟರ್. ಇವುಗಳಿಗೆ ದೀಪ ಕೊಡುವವರು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಎಲ್‌ಇಡಿಗಳನ್ನು ಕೂದಲೆಳೆಯಂಥ ತಂತಿಗೆ ಬೆಸೆಯುತ್ತಾರೆ. ದೀಪ ಹಾಕುವುದಾದರೆ ಮೈಯ ಒಳಭಾಗಕ್ಕೆ ಮೊದಲೇ ಕಪ್ಪು ಹಚ್ಚಿರಬೇಕು. ಇಲ್ಲದಿದ್ದರೆ ತೆಳು ಪ್ಲಾಸ್ಟಿಕ್ ಮೂಲಕ ಬೆಳಕು ಸೋರಿ, ಅಷ್ಟು ಕಷ್ಟಪಟ್ಟು ತಂದ ಸ್ಟೀಲ್ ಮೈ ಒಳಗಿನಿಂದ ಮಿನುಗತೊಡಗುತ್ತದೆ. ಗಾಜಿನ ಭಾಗಗಳನ್ನು ಅಂಟಿಸಲು ಫೆವಿಕಾಲ್‌ನಂಥ ಬಿಳಿ ಗಮ್ ಒಳ್ಳೆಯದು. ಫೆವಿಕ್ವಿಕ್ ಜಾತಿಯ ಗಮ್‌ನ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಕೂತು ಬಿಳಿ ಮಂಜು ಹಿಡಿಸುತ್ತದೆ.

ನಮ್ಮಲ್ಲಿ ಈ ಕೆಲಸಕ್ಕೆ ಕೈಹಾಕುವವರು ಹವಾಮಾನವನ್ನು ಗಮನಿಸಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಲ್ಯಾಕ್ವರ್ ಹೊಡೆದರೆ ಮೈ ಬೆಳ್ಳಗೆ ಮಂಕಾಗುವುದುಂಟು. ಸಾಲ್ವೆಂಟ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಹನಿಗಟ್ಟಿ ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಒಣ ಹವೆಯ ದಿನ ಆರಿಸಿಕೊಳ್ಳುವುದು ಉತ್ತಮ. ಕಿಟಕಿ ತೆರೆದಿರಲಿ, ಸಾಲ್ವೆಂಟ್ ಆವಿ ತಡೆಯುವ ಮಾಸ್ಕ್ ಇರಲಿ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು.

ಬೆಳಕಿನಂತೆ ಅಳತೆಗೆ ಬಗ್ಗದ ಸಂಗತಿಗಳ ಸಂಕಟ ಸಿನಿಮಾದವರಿಗೂ ಇತ್ತು. ಎರಡನೆಯ ಚಿತ್ರದಲ್ಲಿ ಕಾರು ಹಾರುವ ಶಾಟ್‌ಗಳಿಗೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ 1/5 ಅಳತೆಯ ಡೆಲೋರಿಯನ್ ಕಟ್ಟಿತು. ಅಂದರೆ ಸುಮಾರು 85 ಸೆಂಟಿಮೀಟರ್ ಉದ್ದದ್ದು. ಅಷ್ಟು ದೊಡ್ಡದಾಗಿ ಮಾಡಲು ಕಾರಣವಿದೆ. ಮಾಡೆಲ್ ಚಿಕ್ಕದಾದಷ್ಟೂ ಬೆಂಕಿ, ನೀರು, ದೂಳು, ಬೀಳುವ ವಸ್ತು ಎಲ್ಲವೂ ಗುಟ್ಟು ಬಿಟ್ಟುಕೊಡುತ್ತವೆ. ನಾಲ್ಕನೇ ಒಂದು ಎತ್ತರದಿಂದ ಬೀಳುವ ವಸ್ತು ಅರ್ಧ ಸಮಯದಲ್ಲೇ ನೆಲ ಮುಟ್ಟುತ್ತದೆ, ಹಾಗಾಗಿ 1/4 ಮಾಡೆಲ್ ಬೀಳುವುದನ್ನು ಎರಡು ಪಟ್ಟು ವೇಗದಲ್ಲಿ ಚಿತ್ರೀಕರಿಸಬೇಕು. 1/24ಕ್ಕೆ ಅದೇ ಲೆಕ್ಕ ಹಾಕಿದರೆ ಸಿನಿಮಾದ ಮಾಮೂಲಿ ವೇಗದ ಸುಮಾರು ಐದು ಪಟ್ಟು, ಸೆಕೆಂಡಿಗೆ 118 ಫ್ರೇಮ್‌ಗಳ ಆಸುಪಾಸು. ಗುರುತ್ವಾಕರ್ಷಣೆಗೆ ನಮ್ಮ ಸ್ಕೇಲ್ ಗೊತ್ತಿಲ್ಲ. ಬೆಳಕಿಗೂ ಗೊತ್ತಿಲ್ಲ. ಅವುಗಳೊಡನೆ ರಾಜಿ ಮಾಡಿಕೊಳ್ಳುವುದು ಮನುಷ್ಯನ ಕಣ್ಣು ಮತ್ತು ಕೈ.

ಇಂಥ ಕಣ್ಣಿನ ಬೆಲೆ ಏನೆಂಬುದಕ್ಕೆ ಈ ಕಾರೇ ಒಂದು ಸಾಕ್ಷಿ ಒದಗಿಸಿದೆ. ಚಿತ್ರಕ್ಕೆ ಬಳಸಿದ ಮುಖ್ಯ ಕಾರು ವರ್ಷಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತು ಹಾಳಾಗಿತ್ತು, ಎಷ್ಟೋ ಭಾಗಗಳು ಕಾಣೆಯಾಗಿದ್ದವು. ಅದನ್ನು ಮತ್ತೆ ಮೊದಲಿನಂತೆ ನಿಲ್ಲಿಸಿದ್ದು ಜೋ ವಾಲ್ಸರ್ ನೇತೃತ್ವದ ಅಭಿಮಾನಿಗಳ ತಂಡ. ಚಿತ್ರದ ಲೇಖಕ, ನಿರ್ಮಾಪಕ ಬಾಬ್ ಗೇಲ್ ಬೆಂಬಲಕ್ಕಿದ್ದರು. ಯಾವ ಸ್ವಿಚ್ ಯಾವ ವಿಮಾನದ್ದು, ಯಾವ ಕೇಬಲ್ ಎಲ್ಲಿ ತಿರುಗುತ್ತದೆ ಎಂದು ವರ್ಷಗಳಿಂದ ಫ್ರೇಮ್ ಫ್ರೇಮ್ ನೋಡಿ ಕಲಿತವರ ಜ್ಞಾನ ಅಲ್ಲಿ ನೆರವಿಗೆ ಬಂತು. ಈಗ ಆ ಕಾರು ಲಾಸ್ ಏಂಜಲೀಸ್‌ನ ಪೀಟರ್ಸನ್ ಆಟೊಮೋಟಿವ್ ಮ್ಯೂಸಿಯಂನಲ್ಲಿದೆ. ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೂ ಸೇರಿದೆ.

ಮಾಡೆಲ್ ಕಟ್ಟುವುದನ್ನು ಮಕ್ಕಳಾಟ ಎನ್ನುವವರಿಗೆ ನನ್ನ ಉತ್ತರ ಇದು. ಒಂದು ವಸ್ತುವನ್ನು ಕೈಯಾರೆ ಪುನಃ ಕಟ್ಟುವವರೆಗೆ ನಾವು ಅದನ್ನು ಸರಿಯಾಗಿ ನೋಡಿರುವುದೇ ಇಲ್ಲ. ಬಂಪರಿನ ಬೂದು ಬಾನೆಟ್ಟಿನ ಬೂದಲ್ಲ ಎಂಬುದು ಸಿನಿಮಾ ಹತ್ತು ಸಲ ನೋಡಿದವರ ಕಣ್ಣಿಗೂ ಬೀಳದಿರಬಹುದು. ಟೇಪ್ ಸುತ್ತಿ ಎರಡಕ್ಕೂ ಬೇರೆ ಬಣ್ಣ ಕಲಸಿದವರು ಅದನ್ನು ಮರೆಯುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಏರ್‌ಬ್ರಷ್, ಎಲ್‌ಇಡಿ ಯಾವುದೂ ಮೊದಲ ದಿನವೇ ಬೇಕಾಗಿಲ್ಲ. ನಿಮಗೆ ಪ್ರಿಯವಾದ ಒಂದು ಸಿನಿಮಾ ಕಾರು, ಅದರ ಒಂದೇ ಒಂದು ದೃಶ್ಯ, ಸ್ಪ್ರೇ ಕ್ಯಾನ್ ಎರಡು, ಒಳ್ಳೆಯ ಎಮರಿ ಪೇಪರ್ ಇದ್ದರೆ ಸಾಕು. ಕತ್ತರಿ ಹಿಡಿಯುವ ಮುಂಚೆ ಆ ದೃಶ್ಯವನ್ನು ನಿಲ್ಲಿಸಿ, ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಭಾಗದ ಮೇಲೆ ಹೇಗೆ ಬೀಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ. ಬಣ್ಣದ ಡಬ್ಬಿ ಆರಿಸುವುದನ್ನು ಆ ಟಿಪ್ಪಣಿಗೆ ಬಿಡಿ.